ಹಿತ್ತಾಳೆ ಕೊಳಗದ ಮಜ್ಜಿಗೆ

ಗದಗ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಶಿವಪುತ್ರಪ್ಪ ಎಂಬ ರಸಾಯನಶಾಸ್ತ್ರದ ಮೇಷ್ಟ್ರಿದ್ದರು. ಉತ್ತರಗಳನ್ನು ಹಲಗೆಯ ಮೇಲೆ ಬರೆಯುವರು, ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸಬೇಕು. ‘ಹುಳಿ ಪದಾರ್ಥಗಳನ್ನು ಹಿತ್ತಾಳೆ ಪಾತ್ರೆಯಲ್ಲಿ ಏಕೆ ಇಡಬಾರದು?’ ಎಂದು ಅವರು ಕೇಳಿದರೆ ಸಾಕು, ‘ಹುಳಿಯಲ್ಲಿರುವ ಆಮ್ಲವು ಲೋಹದೊಂದಿಗೆ ವರ್ತಿಸಿ ವಿಷಕಾರಿ ಸಂಯುಕ್ತಗಳನ್ನು ಉಂಟುಮಾಡುತ್ತದೆ’ ಎಂದು ಇಡೀ ಹತ್ತನೇ ತರಗತಿ ಒಂದೇ ರಾಗದಲ್ಲಿ ಹಾಡುತ್ತಿತ್ತು. ಎರಡು ಅಂಕದ ಪ್ರಶ್ನೆ. ಯಾರೂ ತಪ್ಪುತ್ತಿರಲಿಲ್ಲ. ಆ ಮಕ್ಕಳ ಮನೆಗಳಲ್ಲೆಲ್ಲ ಸ್ಟೀಲು ಪಾತ್ರೆ. ಒಂದು ಹಿತ್ತಾಳೆ ತಂಬಿಗೆಯನ್ನು ತಂದು ತೋರಿಸಬೇಕೆಂದು ಮೇಷ್ಟ್ರಿಗೂ ಅನ್ನಿಸಲಿಲ್ಲ.

ಹತ್ತನೆಯವರ ಬೀಳ್ಕೊಡುಗೆ ಬಂತು. ಬಿಸಿಲಿತ್ತು, ಎಲ್ಲರಿಗೂ ಮಜ್ಜಿಗೆ ಎಂದಾಯಿತು. ಹಿಂದಿನ ದಿನವೇ ಊರ ಹಿರಿಯರೊಬ್ಬರ ಮನೆಯಿಂದ ದೊಡ್ಡ ಹಿತ್ತಾಳೆ ಕೊಳಗ ತಂದರು. ತೊಳೆಯುವ ಕೆಲಸ ಹತ್ತನೇ ತರಗತಿಯ ದ್ಯಾಮವ್ವ, ಶಮೀಮ ಇವರ ಪಾಲಿಗೆ ಬಂತು.

“ಚಂದಂಗ ತಿಕ್ಕ್ರಿ. ಒಳಗೂ ಹೊಳೀಬೇಕು” ಎಂದರು ಮೇಷ್ಟ್ರು.

ಕೊಳಗದ ಒಳಗೆ ಕಲಾಯಿ ಇತ್ತು. ಹುಳಿ ಹಿತ್ತಾಳೆಗೆ ತಾಗದಿರಲೆಂದು ಹಚ್ಚಿದ ತವರದ ತೆಳು ಪದರ. ಹಳೆಯದಾಗಿ, ಸವೆದು, ಕಪ್ಪಿಟ್ಟಿತ್ತು. ಹುಡುಗಿಯರು ಅದನ್ನು ಕೊಳೆ ಎಂದುಕೊಂಡರು. ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತೋಳು ನೋಯುವ ತನಕ ತಿಕ್ಕಿದರು. ಕಲಾಯಿ ಎದ್ದುಹೋಗಿ ಹಿತ್ತಾಳೆಯ ಹಳದಿ ಹೊಳಪು ಬಂತು.

“ಭೇಷ್, ಬಂಗಾರ ಆಗೇತಿ” ಎಂದು ಮೇಷ್ಟ್ರು ಮೆಚ್ಚಿದರು. ಸಂಜೆಯೇ ಮಜ್ಜಿಗೆ ಮಾಡಿ, ನಿಂಬೆಹುಳಿ ಹಿಂಡಿ, ಆ ಕೊಳಗಕ್ಕೆ ತುಂಬಿ ಮುಚ್ಚಿಟ್ಟರು.

ಮರುದಿನ ಹಂಚಲು ದ್ಯಾಮವ್ವ ಮುಚ್ಚಳ ತೆಗೆದಳು. ಮಜ್ಜಿಗೆಯ ಅಂಚಿಗೆ ಹಸಿರು ಗೆರೆ. ಮೂಗಿಗೆ ಕಿಲುಬಿನ ವಾಸನೆ. ವರ್ಷವಿಡೀ ಹಾಡಿದ ಉತ್ತರ ಅವಳ ನಾಲಿಗೆಗೆ ಬಂತು. ಹೇಳಬೇಕು. ಯಾರಿಗೆ? ವೇದಿಕೆಯ ಮೇಲೆ ಅತಿಥಿಗಳು ಕೂತಿದ್ದರು. ಆಂತರಿಕ ಅಂಕ ಮೇಷ್ಟ್ರ ಕೈಯಲ್ಲಿತ್ತು. ಕೊಳಗ ತಿಕ್ಕಿದವಳೂ ತಾನೇ.

“ಯಾಕಲೇ ನಿಂತಿ? ಪಾಳಿ ನೋಡು, ಎಷ್ಟು ಉದ್ದ ಐತಿ” ಎಂದಳು ಶಮೀಮ.

ದ್ಯಾಮವ್ವ ಸೌಟು ಎತ್ತಿಕೊಂಡಳು. ಒಂದು ಲೋಟ ತುಂಬಿದಳು. ಇನ್ನೊಂದು. ಮತ್ತೊಂದು. ಎಂಟನೇ ತರಗತಿಯ ಮಕ್ಕಳು ಬಾಯಾರಿ ಬಂದವರು, ಗಟಗಟ ಕುಡಿದರು. ಒಬ್ಬಳು ಮಾತ್ರ ಮುಖ ಕಿವುಚಿದಳು.

“ಅಕ್ಕಾ, ಚಿಲ್ಲರ ರೊಕ್ಕ ನೆಕ್ಕಿದಂಗ ಐತಿ.”

ದ್ಯಾಮವ್ವ ಸೌಟು ಕೆಳಗಿಟ್ಟು ಮೇಷ್ಟ್ರ ಬಳಿ ಓಡಿದಳು.

“ಸರ, ಆ ಮಜ್ಜಿಗಿ ಕೊಡೂದು ಬ್ಯಾಡ್ರಿ. ಕೊಳಗ ಹಿತ್ತಾಳಿದು. ನಾವು ದಿನಾ ಹೇಳ್ತಿದ್ದಿವೆಲ್ರಿ, ಅದ ಪ್ರಶ್ನಿ.”

“ಅದು ಪರೀಕ್ಷಾದಾಗಿನ ಪ್ರಶ್ನಿ. ಇದು ಮಜ್ಜಿಗಿ. ಸುಮ್ನ ಹೋಗಿ ಹಂಚು.”

“ಹಸಿರು ಆಗೇತ್ರಿ ಸರ.”

“ನಿನ್ನ ಮಾರ್ಕ್ಸ್ ನಾ ಇನ್ನೂ ಕಳಿಸಿಲ್ಲ. ನೆನಪಿರ್ಲಿ.”

ದ್ಯಾಮವ್ವ ಹೋಗಲಿಲ್ಲ. “ಹಂಗಾರ ಮೊದಲ ನೀವ ಕುಡೀರಿ” ಎಂದಳು.

ಮೇಷ್ಟ್ರು ಸಿಟ್ಟಿನಿಂದ ಕೊಳಗದ ಬಳಿಗೆ ಬಂದು ಒಂದು ಲೋಟ ತುಂಬಿಸಿಕೊಂಡು ಬಾಯಿಯ ಹತ್ತಿರ ತಂದರು. ಕೈ ಅಲ್ಲೇ ನಿಂತಿತು. ಪಾಳಿಯಲ್ಲಿದ್ದವರೆಲ್ಲ ಆ ಕೈಯನ್ನೇ ನೋಡುತ್ತಿದ್ದರು. ಎಷ್ಟೋ ವರ್ಷ ತಾವೇ ಬರೆಸಿದ ಉತ್ತರದ ವಾಸನೆ ಅವರಿಗೆ ಅಂದೇ ಮೊದಲ ಸಲ ಬಡಿದದ್ದು. ಲೋಟ ಕೆಳಗಿಟ್ಟರು.

“ಯಾರ್ಯಾರು ಕುಡದ್ರಿ? ಈ ಕಡೆ ಬರ್ರಿ” ಎಂದಾಗ ಅವರ ದನಿ ಒಡೆದಿತ್ತು.

ಅಷ್ಟರಲ್ಲಿ ಕುಡಿದ ಮಕ್ಕಳು ಗೋಡೆ ಹಿಡಿದು ವಾಂತಿ ಮಾಡುತ್ತಿದ್ದರು. ಅವರನ್ನೆಲ್ಲ ಟಂಟಂ ಗಾಡಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಕೊಳಗವನ್ನು ಶಮೀಮಳೇ ಉರುಳಿಸಿ ಉಳಿದ ಮಜ್ಜಿಗೆ ಚೆಲ್ಲಿದಳು.

ಆಸ್ಪತ್ರೆಯ ಬಾಗಿಲಲ್ಲಿ ದ್ಯಾಮವ್ವ ಕೂತಿದ್ದಳು. ಒಳಗಿಂದ ನರಳುವ ಸದ್ದು ಕೇಳಿದಾಗಲೆಲ್ಲ ಎದ್ದು ನಿಲ್ಲುವಳು. ತಾಯಂದಿರು ಒಬ್ಬೊಬ್ಬರಾಗಿ ಓಡಿಬಂದರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಬಿಸಿಲು ಇಳಿದ ಮೇಲೆ ಡಾಕ್ಟರು ಹೊರಬಂದು, ಮಕ್ಕಳಿಗೆ ಅಪಾಯವಿಲ್ಲ, ಕುಡಿದದ್ದು ಒಂದೊಂದೇ ಲೋಟ ಎಂದರು.

ಮೇಷ್ಟ್ರು ಬಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತರು.

“ಮುಚ್ಚಳಾ ತಗದ ಕೂಡ್ಲೆ ಗೊತ್ತಾಗಿರಬೇಕಲ್ಲ ನಿನಗ. ಆವಾಗ ಯಾಕ ಹೇಳ್ಲಿಲ್ಲ?”

“ಅಂಜಿಕಿ ಆತ್ರಿ.”

“ಮಜ್ಜಿಗಿ ಕಂಡು?”

“ಇಲ್ರಿ ಸರ. ನಿಮ್ಮನ್ನ ಕಂಡು.”

ನೀತಿ: ಮನೆಯ ಪಾತ್ರೆಯನ್ನು ಮುಟ್ಟಿ ನೋಡದ ರಸಾಯನಶಾಸ್ತ್ರ ಅಂಕ ತಂದೀತು, ಹೊಟ್ಟೆಗೆ ಹೋಗುವ ವಿಷವನ್ನು ತಡೆಯದು. ಕಲಿಸುವವರೇ, ಪಾಠವನ್ನು ಅಡುಗೆಮನೆಗೆ, ಬಚ್ಚಲಿಗೆ, ಅಂಗಳಕ್ಕೆ ಎಳೆದು ತನ್ನಿ. ಕಣ್ಣಾರೆ ಕಂಡದ್ದನ್ನು ಹೇಳಲು ಮಕ್ಕಳು ನಿಮಗೆ ಅಂಜುತ್ತಾರೆಂದರೆ, ನೀವು ಕಲಿಸಿದ್ದು ವಿಜ್ಞಾನವಲ್ಲ, ಅಂಜಿಕೆ.