ಒಂದು ಹಣದ ಔತಣ

ಕೇಳು ಪುಟ್ಟೀ, ಹಿಂದೆ ರಾಜನ ಅಪ್ಪಣೆ ಸಾರುವವನ ಕೈಯಲ್ಲಿ ಒಂದು ವಾದ್ಯ ಇರುತ್ತಿತ್ತು. ತಮಟೆ ಅಲ್ಲ, ನಗಾರಿಯೂ ಅಲ್ಲ. ನಮ್ಮೂರ ಕಡೆ ಅದಕ್ಕೆ ಬೇರೆಯೇ ಒಂದು ಹೆಸರಿತ್ತು. ಈ ದೂರದೂರಿಗೆ ಬಂದ ಮೇಲೆ ನಾಲಿಗೆಯ ತುದಿಗೆ ಬಂದು ನಿಂತುಬಿಡುತ್ತದೆ. ಇರಲಿ, ಡಂಗುರ ಅನ್ನೋಣ. ಅದನ್ನು ಬಡಿಯುತ್ತ ಚಂದ್ರಗೆರೆಯ ಬೀದಿಬೀದಿಯಲ್ಲೂ ಸಾರಿದರು:

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಕೇತಲೆಯನ್ನು ತನ್ನ ಮನೆಗೆ ಊಟಕ್ಕೆ ಕರೆಯುವವನಿಗೆ ಅರಮನೆಯಿಂದ ಒಂದು ಹಣದ ನಾಣ್ಯ ಸಿಗುತ್ತದೆ. ಅಷ್ಟರಲ್ಲೇ ಊಟ ಅಂದವಾಗಿ ಆಗಬೇಕು. ಉಣ್ಣುತ್ತ ಅವಳು ಮೂರು ಒಗಟು ಕೇಳುತ್ತಾಳೆ. ಬಿಡಿಸಿದವನಿಗೆ ಅವಳ ಕೈ, ಜೊತೆಗೆ ಬೇಡಿದ ಒಂದು ವರ. ತಪ್ಪಿದವನಿಗೆ ಸೆರೆ, ಅಮಾವಾಸ್ಯೆಗೆ ತಲೆದಂಡ!"

ಮೊದಲು ಓಡಿದವನು ಜವಳಿ ವ್ಯಾಪಾರಿಯ ಮಗ ಚಿಕ್ಕರಸ. ಅಟ್ಟದ ಬೆಳ್ಳಿ ತಟ್ಟೆಗಳನ್ನೆಲ್ಲ ಕೆಳಗಿಳಿಸಿದ. ಮನೆಯಲ್ಲಿ ಇದ್ದದ್ದಕ್ಕೆ ಖರ್ಚೆಲ್ಲಿ! ರಾಜಕುಮಾರಿ ನಾಲ್ಕು ತುತ್ತು ಉಂಡು ಕೇಳಿದಳು: "ಬೇಡ ಬೇಡ ಎಂದಷ್ಟೂ ಹೆಚ್ಚುತ್ತದೆ. ಕಾಣುವುದು ಪ್ರೀತಿಯ ಹಾಗೆ, ಗಂಟಲಿಗೆ ಇಳಿಯುವುದು ಶಿಕ್ಷೆಯ ಹಾಗೆ. ಏನದು?"

"ತುಪ್ಪ!" ಎಂದ ಚಿಕ್ಕರಸ, ಅವಳ ಅನ್ನದ ಮೇಲೆ ಇನ್ನೊಂದು ಮಿಳ್ಳೆ ಸುರಿಯುತ್ತ.

"ಬಿಸಿ ಅಡಿಗೆಯನ್ನೆಲ್ಲ ಮುಟ್ಟುತ್ತದೆ, ಬಿಸಿಯಾಗಿ ಒಂದನ್ನೂ ಉಣ್ಣುವುದಿಲ್ಲ. ಏನದು?"

"ಇಕ್ಕಳ!"

"ಎರಡಿದ್ದರೆ ಒಂದುಂಟು, ಒಂದೇ ಇದ್ದರೆ ಒಂದೂ ಇಲ್ಲ. ಅರಮನೆಯಲ್ಲಿ ನಾನು ಅದನ್ನು ಕಂಡೇ ಇಲ್ಲ. ಏನದು?"

"ಚಪ್ಪಲಿ ಜೋಡಿ!"

ರಾಜಕುಮಾರಿ ತನ್ನ ಕಾಲು ನೋಡಿಕೊಂಡು ನಿಟ್ಟುಸಿರಿಟ್ಟಳು. ಭಟರು ಚಿಕ್ಕರಸನನ್ನು ಎಳೆದೊಯ್ದರು.

ಆಮೇಲೆ ಹೋದವನು ಚಾಪೆ ಹೆಣೆಯುವ ಮಾಚ. ಅದೇ ಮೂರು ಒಗಟಿಗೆ ಅವನು ಸಾಲ ಎಂದ, ಸೌಟು ಎಂದ, ಚಪ್ಪಾಳೆ ಎಂದ. ಮೂರೂ ತಪ್ಪಿ ಸೆರೆಮನೆ ಸೇರಿದ.

ಮಾಚನ ತಮ್ಮ ಬೊಪ್ಪನಿಗೆ ರಾಜಕುಮಾರಿಯೂ ಬೇಕಿರಲಿಲ್ಲ, ಮದುವೆಯೂ ಬೇಕಿರಲಿಲ್ಲ. ಅಣ್ಣನ ತಲೆ ಉಳಿಯಬೇಕಿತ್ತು. ಅದಕ್ಕೆ ಆ ವರವೊಂದೇ ದಾರಿ. ಸೆರೆಮನೆಯ ಕಿಟಕಿಯ ಕೆಳಗೆ ನಿಂತು ಕೇಳಿದ, "ಅಣ್ಣಾ, ಏನು ಹೇಳಲಿ?"

"ಸೌಟು ಅಂತ ಮಾತ್ರ ಹೇಳಬೇಡ ಕಣೋ!" ಒಳಗಿನಿಂದ ಮಾಚ ಕೂಗಿದ.

"ಮತ್ತೇನು ಹೇಳಲಿ?"

"ಗೊತ್ತಿದ್ದಿದ್ದರೆ ನಾನ್ಯಾಕೆ ಇಲ್ಲಿರ್ತಿದ್ದೆ, ಮಂಕೇ!"

ಬೊಪ್ಪ ಹಲ್ಲು ಕಚ್ಚಿಕೊಂಡು ಅರಮನೆಯಿಂದ ಒಂದು ಹಣ ತಂದ. ಅವನದು ಒಂದೇ ಕೋಣೆಯ ಮನೆ. ನೆಲ ಸಾರಿಸಿ ಹಸೆಯ ಚಿತ್ತಾರ ಬರೆದ. ಇದ್ದ ಒಂದೇ ಹಣತೆಯನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟ. ದೀಪ ಎರಡಾಗಿ ಕಂಡಿತು. ಬಾಳೆಲೆಗಳನ್ನು ಒಂದೇ ಅಳತೆಗೆ ಕತ್ತರಿಸಿದ. ಚಂದವೇ ಆಯಿತು. ಆದರೆ ಅವನ ತಾಯಿ ಸಾತವ್ವನ ಬಾಯಿ ಮಾತ್ರ ಮುಚ್ಚಲಿಲ್ಲ.

"ಅನ್ನ, ಹುರುಳಿ ಸಾರು, ಸೊಪ್ಪಿನ ಪಲ್ಯ! ಇಷ್ಟಕ್ಕೆ ರಾಜನ ಮಗಳನ್ನ ಕರೀತಾರೇನೋ? ಹೋಳಿಗೆ ಎಲ್ಲೋ?"

"ಬೆಲ್ಲ ತಂದರೆ ಅಕ್ಕಿ ಇಲ್ಲ, ಅಕ್ಕಿ ತಂದರೆ ಬೆಲ್ಲ ಇಲ್ಲ. ನಾನೇನು ಮಾಡಲವ್ವಾ?"

"ಮಾನ ಕಳೀತೀಯ."

"ತಲೆಯೇ ಹೋಗೋದಿದೆ, ನಿನಗೆ ಮಾನದ ಚಿಂತೆ!"

ರಾಜಕುಮಾರಿ ಬಂದು ಕೂತಳು. ಭಟರು ಹೊರಗೆ ನಿಂತರು. ಸಾತವ್ವ ಬಾಗಿಲ ಹಿಂದೆ ಸರಿದಳು. ಸೌಟು ಹಿಡಿದು ನಿಂತ ಬೊಪ್ಪನ ಕಾಲು ನೋಯುತ್ತಿತ್ತು, ಹೊಟ್ಟೆ ಚುರುಗುಟ್ಟುತ್ತಿತ್ತು. ರಾಜಕುಮಾರಿ ತಲೆ ತಗ್ಗಿಸಿ, ಮದ್ದು ನುಂಗುವವಳ ಹಾಗೆ ಉಣ್ಣುತ್ತಿದ್ದಳು.

"ಇನ್ನೊಂದಿಷ್ಟು ಹಾಕೋ," ಬಾಗಿಲ ಹಿಂದಿನಿಂದ ಪಿಸುಮಾತು. ಅವನು ಬಗ್ಗಿದ. ರಾಜಕುಮಾರಿ ಎಲೆಗೆ ಕೈ ಅಡ್ಡ ಹಿಡಿದಳು.

"ಬೇಡ ಅಂದ್ರೂ ಹಾಕಬೇಕು, ಅದೇ ಮರ್ಯಾದೆ. ಹಾಕೋ!"

ಬೊಪ್ಪನ ತಾಳ್ಮೆ ತಪ್ಪಿತು. ಸೌಟನ್ನು ಪಾತ್ರೆಯಲ್ಲಿ ದಡಾರನೆ ಬಿಟ್ಟ. "ಅವ್ವಾ! ಅವರಿಗೆ ಬೇಡವಂತೆ! ನನಗೆ ಹಸಿವು. ನೀನೂ ಬೆಳಿಗ್ಗೆಯಿಂದ ಒಲೆ ಮುಂದೆ ಬೆಂದಿದ್ದೀಯ, ಬಾಯಿಗೆ ಒಂದು ಅಗುಳಿಲ್ಲ. ತಲೆ ಹೋಗೋದಾದರೆ ಹೊಟ್ಟೆ ತುಂಬಿಯೇ ಹೋಗಲಿ. ಬಾ ಈಚೆಗೆ!"

ಚಾಪೆ ಎಳೆದು, ರಾಜಕುಮಾರಿಯ ಪಕ್ಕದಲ್ಲಿ ಇನ್ನೆರಡು ಎಲೆ ಹಾಸಿದ. ಸಾತವ್ವ ಸೆರಗು ಎಳೆದುಕೊಂಡು ಮುದುರಿ ಕೂತಳು. ರಾಜಕುಮಾರಿಯ ತುತ್ತು ಎತ್ತಿದ ಕೈ ಹಾಗೇ ನಿಂತಿತು.

"ಅಮ್ಮಾ, ಈ ಸಾರು ಯಾವುದರದು?" ಎಂದಳು ಮೆಲ್ಲಗೆ.

"ಹುರುಳಿ, ತಾಯಿ. ನಿಮ್ಮಲ್ಲಿ ಕುದುರೆಗೆ ಹಾಕ್ತಾರಲ್ಲ, ಅದೇ."

"ನಮ್ಮ ಕುದುರೆಗಳು ಪುಣ್ಯವಂತವು!"

ಮೂವರೂ ನಕ್ಕರು. ನಗು ನಿಂತ ಮೇಲೆ ರಾಜಕುಮಾರಿ ಹಳೆಯ ಮೂರು ಒಗಟುಗಳನ್ನೇ ಕೇಳಿದಳು.

ಬೊಪ್ಪ ಪಾತ್ರೆಯಲ್ಲಿ ಬಿದ್ದ ಸೌಟು ನೋಡಿದ. "ಬೇಡ ಅಂದಷ್ಟೂ ಹೆಚ್ಚುವುದು ಉಪಚಾರದ ಒತ್ತಾಯ, ತಾಯೀ. ಈಗ ತಾನೇ ನನಗೇ ಸಾಕಾಗಿಹೋಯಿತು."

ಪಕ್ಕದಲ್ಲಿ ಸಾತವ್ವ ಅನ್ನದ ಬಿಸಿ ತಾಳಲಾರದೆ ಬೆರಳು ಊದಿಕೊಳ್ಳುತ್ತಿದ್ದಳು. ಎಲ್ಲರೂ ಎದ್ದ ಮೇಲೆ ಆರಿದ್ದನ್ನು ಉಂಡೇ ಅವಳಿಗೆ ಅಭ್ಯಾಸ. ಬೊಪ್ಪ ಅವಳತ್ತ ನೋಡಿ ಹೇಳಿದ: "ಎರಡನೆಯದು ಅಣ್ಣ ಹೇಳಿದ ಸೌಟಲ್ಲ. ಅಡಿಗೆ ಮಾಡಿದವಳು."

ಮೂರನೆಯದಕ್ಕೆ ಅವನು ಮನೆಯೆಲ್ಲ ಕಣ್ಣಾಡಿಸಿದ. ಹೊರಗೆ ಭಟರ ಈಟಿ ನೆಲಕ್ಕೆ ತಾಗಿದ ಸದ್ದು ಕೇಳಿಸಿತು. ಕಣ್ಣು ಒಂದೇ ಸಾಲಿನಲ್ಲಿದ್ದ ಎಲೆಗಳ ಮೇಲೆ ಬಿತ್ತು. "ಪಂಕ್ತಿ! ಎರಡು ಎಲೆ ಹಾಕಿದರೆ ಒಂದು ಪಂಕ್ತಿ. ಒಂದೇ ಎಲೆಗೆ ಪಂಕ್ತಿ ಎಲ್ಲಿಯದು?"

ರಾಜಕುಮಾರಿಯ ಕಣ್ಣು ತುಂಬಿತು. "ಹುಟ್ಟಿದಾಗಿನಿಂದ ನನಗೇ ಮೊದಲು ಬಡಿಸುತ್ತಾರೆ. ನಾನು ಎದ್ದ ಮೇಲೆ ಉಳಿದವರು ಕೂರುತ್ತಾರೆ. ಹೋದ ಮನೆಗಳಲ್ಲೂ ಎಲ್ಲರೂ ನಿಂತು ನನ್ನ ಬಾಯಿ ನೋಡಿದವರೇ. ತಲೆದಂಡ ಅಪ್ಪನ ಹಟ, ನನ್ನದಲ್ಲ. ಯಾರಾದರೂ ಕೂತಾರೆಯೇ ಎಂದು ಕಾದೆ."

ಬೊಪ್ಪ ವರವಾಗಿ ಸೆರೆಯಲ್ಲಿದ್ದವರ ಬಿಡುಗಡೆ ಕೇಳಿದ. ಮಾಚನನ್ನೂ ಚಿಕ್ಕರಸನನ್ನೂ ಬಿಡಲು ಭಟ ಓಡಿದ.

"ಇನ್ನು ಮದುವೆಯ ಮಾತು," ಬೊಪ್ಪ ತಡವರಿಸಿದ. "ಅದು ಡಂಗುರದವರ ಮಾತು. ನಿಮ್ಮ ಮನಸ್ಸು ಹೇಗೋ?"

ರಾಜಕುಮಾರಿ ಎಲೆಯನ್ನು ಅವನ ಕಡೆ ಸರಿಸಿದಳು. "ಮೊದಲು ಸಾರು ಬಡಿಸು. ಈಗ ನಾನೇ ಕೇಳುತ್ತಿದ್ದೇನೆ."

ಅಮಾವಾಸ್ಯೆ ಕಳೆದು ಹುಣ್ಣಿಮೆಗೆ ಅವರ ಮದುವೆಯಾಯಿತು. ಪುಟ್ಟೀ, ನಾಳೆ ನಿನ್ನ ಗೆಳತಿಯರು ಊಟಕ್ಕೆ ಬರುತ್ತಾರೆಂದು ಬೆಳಿಗ್ಗೆಯಿಂದ ಸಿಡುಕುತ್ತಿದ್ದೀಯಲ್ಲ, ಸಾಕು. ಇದ್ದದ್ದನ್ನೇ ಬಡಿಸಿ ನೀನೂ ಅವರ ಪಕ್ಕ ಕೂತು ಉಣ್ಣು. ನನಗೆ ಮರೆತುಹೋಗುವ ಮುಂಚೆ ಈ ಕಥೆಯನ್ನೊಂದಿಷ್ಟು ಬರೆದಿಡು.