ಬಳಿದರೂ ಉಳಿದ ಹೆಸರು

“ಗುರುಗಳೇ, ನಾನು ಯಾರಿಗೂ ಏನೂ ಬಾಕಿ ಉಳಿಸಿಕೊಂಡಿಲ್ಲ. ಆದರೂ ನನಗೆ ಯಾಕೆ ಇಷ್ಟು ದಣಿವು?” ಎಂದು ಮರುಳಯ್ಯ ಕೇಳಿದ.

ಮರುಳಯ್ಯ ಮಠದ ಅಡುಗೆಯವನು. ತಮ್ಮ ಸಿದ್ದಲಿಂಗನ ಜೊತೆ ಪಾಲಿನ ಮಾತಿಗೆ ಜಗಳವಾಗಿ, ತನ್ನ ಪಾಲನ್ನೂ ಅವನಿಗೇ ಬರೆದುಕೊಟ್ಟು ಮನೆ ಬಿಟ್ಟು ಬಂದವನು. ಆ ದಿನ ಊರವರ ಎದುರಿಗೆ ತಮ್ಮ ಅವನನ್ನು ಕಳ್ಳನೆಂದು ಕರೆದಿದ್ದ. ಅದನ್ನು ಎಂದೋ ಕ್ಷಮಿಸಿಬಿಟ್ಟೆ ಎಂದು ಮರುಳಯ್ಯ ಆಗಾಗ ಹೇಳುತ್ತಿದ್ದ. ಯಾರೂ ಕೇಳದಿದ್ದರೂ ಹೇಳುತ್ತಿದ್ದ. ಈಗ ತಮ್ಮನಿಂದ ಹೇಳಿಕೆ ಬಂದಿತ್ತು. ಗುರುವಾರ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುತ್ತೇವೆ, ಅಣ್ಣ ಬರಬೇಕು ಎಂದು. ಮಠದ ಅಡುಗೆ ಬಿಟ್ಟು ಹೇಗೆ ಬರಲಿ ಎಂದು ಮರುಳಯ್ಯ ಬಂದವನ ಕೈಯಲ್ಲೇ ಉತ್ತರ ಕಳಿಸಿದ್ದ.

ಗುರುಗಳು ಮೊಣಕಾಲು ನೀವಿಕೊಂಡರು. ಆಮೇಲೆ ಒಂದು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಟೆಂಪೊ ಚಾಲಕನಿದ್ದ. ಫೈನಾನ್ಸ್ ಕಂಪನಿಯ ಸಾಲದಲ್ಲಿ ಸಾಮಾನು ಸಾಗಿಸುವ ಗಾಡಿ ಕೊಂಡಿದ್ದ. ಅಲ್ಲಿಯ ವಾಡಿಕೆಯಂತೆ ಗಾಡಿಯ ಹಿಂಬದಿಗೆ ಕಂಪನಿಯ ಹೆಸರನ್ನು ದೊಡ್ಡದಾಗಿ ಬರೆಸಿದ್ದರು. ಇವನ ಹೆಸರು ಬಾಗಿಲಿನ ಮೇಲೆ ಸಣ್ಣದಾಗಿತ್ತು.

ಒಂದು ವರ್ಷ ಹೆಂಡತಿ ಆಸ್ಪತ್ರೆ ಸೇರಿದಳು, ಕಂತು ತಪ್ಪಿತು. ಕಂಪನಿಯ ವಸೂಲಿಯವನು ಮಾರುಕಟ್ಟೆಯ ನಟ್ಟನಡುವೆ ಗಾಡಿ ನಿಲ್ಲಿಸಿ ಕೀಲಿ ಕಿತ್ತುಕೊಂಡ. ಗಾಡಿಯ ತುಂಬ ಟೊಮೆಟೊ ಇತ್ತು, ಬಿಸಿಲು ಏರುತ್ತಿತ್ತು. ಚಾಲಕ ಎಲ್ಲರ ಕಣ್ಣೆದುರು ಕೈ ಮುಗಿದ. ವಸೂಲಿಯವನು ಅವನ ಮುಖ ಕೂಡ ನೋಡದೆ ಕೀಲಿಯನ್ನು ಜೇಬಿಗೆ ಇಳಿಸಿ ಹೊರಟುಹೋದ.

ಹೆಂಡತಿಯ ಓಲೆ ಅಡವಿಟ್ಟು ಚಾಲಕ ಗಾಡಿ ಬಿಡಿಸಿಕೊಂಡ. ಅಂದಿನಿಂದ ಆ ಕಚೇರಿಯ ಮೆಟ್ಟಿಲು ತುಳಿಯುವುದಿಲ್ಲ ಎಂದು ಹಟ ಹಿಡಿದ. ಕಂತನ್ನು ಬೇರೆಯವರ ಕೈಯಲ್ಲಿ ಕಳಿಸಿದ. ಆ ಬೀದಿಯಲ್ಲಿ ಗಾಡಿ ಓಡಿಸುವುದನ್ನೂ ಬಿಟ್ಟ. ಮಾರುಕಟ್ಟೆಗೆ ಹೋಗಲು ಕೆರೆ ಏರಿಯ ಮೇಲೆ ಸುತ್ತಿ ಬರುತ್ತಿದ್ದ. ದಿನವೂ ಒಂದಿಷ್ಟು ಡೀಸೆಲ್ಲು ಆ ಸಿಟ್ಟಿಗೇ ಉರಿಯಿತು.

ಕೊನೆಯ ಕಂತು ತೀರಿದ ದಿನ ಅವನು ಮೊದಲು ಹೋದದ್ದು ಪೇಂಟರನ ಹತ್ತಿರ. ಕಂಪನಿಯ ಹೆಸರಿನ ಮೇಲೆ ಹಳದಿ ಬಣ್ಣ ಬಳಿಸಿದ. ಜಾಗ ಖಾಲಿ ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು ಪೇಂಟರ್ ತಾನಾಗಿಯೇ ಅಲ್ಲಿ ‘ಶುಭ ಪ್ರಯಾಣ’ ಎಂದು ಬರೆದ. ಚಾಲಕ ಟೆಂಪೊ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಪೇಡ ಹಂಚಿದ. ಋಣ ಹರಿಯಿತು ಎಂದುಕೊಂಡ. ಮರುದಿನವೂ ಕೆರೆ ಏರಿಯ ಮೇಲೇ ಸುತ್ತಿಕೊಂಡು ಹೋದ. ಈಗೇಕೆ ಸುತ್ತುತ್ತೀಯ ಎಂದು ಅವನನ್ನು ಯಾರೂ ಕೇಳಲಿಲ್ಲ. ಅವನೂ ಕೇಳಿಕೊಳ್ಳಲಿಲ್ಲ.

ಹಾಗೇ ವರ್ಷಗಳು ಕಳೆದವು. ಅವನ ಸೊಂಟ ಸೋತಿತು. ಇನ್ನು ಗಾಡಿ ಓಡಿಸಿದರೆ ಎದ್ದು ನಿಲ್ಲುವುದೂ ಕಷ್ಟ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಆಗ ಹೆಂಡತಿಯೇ ಒಂದು ದಾರಿ ಹುಡುಕಿದಳು. ಅವರ ಓಣಿಯ ಹಿಟ್ಟಿನ ಗಿರಣಿಯವನು ವಯಸ್ಸಾಯಿತೆಂದು ಗಿರಣಿ ಮಾರುವವನಿದ್ದ. ಗಾಡಿ ಮಾರಿದರೆ ಗಿರಣಿ ಹಿಡಿಯಬಹುದು. ಕುಳಿತಲ್ಲೇ ದುಡಿಯಬಹುದು. ಅಮಾವಾಸ್ಯೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದು ಗಿರಣಿಯವನು ಹೇಳಿದ.

ಒಬ್ಬ ಮೊಟ್ಟೆ ವ್ಯಾಪಾರಿ ಗಾಡಿ ನೋಡಲು ಬಂದ. ಎಂಜಿನ್ ಸದ್ದು ಕೇಳಿದ, ಚಕ್ರ ಒದ್ದು ನೋಡಿದ, ಬೆಲೆಗೂ ಒಪ್ಪಿದ. ಕೊನೆಗೆ ಆರ್‌ಸಿ ಕೇಳಿದ. ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ವಾಪಸು ಕೊಟ್ಟ.

“ಇದ್ರಲ್ಲಿ ಇನ್ನೂ ಫೈನಾನ್ಸ್‌ನವರ ಹೆಸರಿದೆಯಲ್ಲಣ್ಣ” ಎಂದ.

“ಸಾಲ ತೀರಿ ಎಷ್ಟೋ ವರ್ಷ ಆಯ್ತು ಸಾವ್ಕಾರ್ರೆ. ಒಂದು ಕಂತೂ ಬಾಕಿ ಇಲ್ಲ.”

“ತೀರಿಸಿದ್ದೀಯ ಕಣಣ್ಣ, ಇಲ್ಲ ಅನ್ನಲ್ಲ. ಆದ್ರೆ ಬಿಡಿಸ್ಕೊಂಡಿಲ್ಲ. ಅವರ ಹತ್ರ ಹೋಗಿ ಸಾಲ ತೀರಿದ ಪತ್ರ ಇಸ್ಕೊಂಡು, ಆರ್‌ಟಿಓದಲ್ಲಿ ಹೆಸರು ತೆಗಿಸ್ಕೊಂಡು ಬಾ. ಅವತ್ತೇ ದುಡ್ಡು ಕೊಡ್ತೀನಿ.”

ಚಾಲಕನ ಮುಖ ಸಣ್ಣದಾಯಿತು. ಅಂದು ಕೀಲಿ ಕಿತ್ತುಕೊಂಡವನೇ ಈಗ ಆ ಕಚೇರಿಯ ಮ್ಯಾನೇಜರ್ ಎಂದು ಅವನಿಗೆ ಗೊತ್ತಿತ್ತು. ಏಜೆಂಟನೊಬ್ಬನನ್ನು ಹಿಡಿದ. ಗಾಡಿಯ ಮಾಲೀಕನೇ ಎದುರಿಗೆ ಬಂದು ಸಹಿ ಹಾಕಬೇಕಂತೆ ಎಂದು ಏಜೆಂಟ್ ಬರಿಗೈಯಲ್ಲಿ ಬಂದ. ಚಾಲಕ ಬೇರೆಯವರಿಗೆ ಗಾಡಿಯನ್ನು ಕಡಿಮೆ ಬೆಲೆಗೆ ಕೊಡಲು ನೋಡಿದ. ಅವರೂ ಆರ್‌ಸಿ ತಿರುಗಿಸಿ ನೋಡಿ ವಾಪಸು ಕೊಟ್ಟರು. ಸಂಜೆ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಹೆಂಡತಿ, ಗಿರಣಿ ಬೇರೆಯವರ ಪಾಲಾದರೆ ನಿಮ್ಮ ಹಟವನ್ನೇ ಬೀಸಿ ಹಿಟ್ಟು ಮಾಡಿಕೊಡಿ, ರೊಟ್ಟಿ ತಟ್ಟುತ್ತೇನೆ ಎಂದಳು. ಅವನಿಗೆ ನಗು ಬರಲಿಲ್ಲ. ಸಾಕಾಗಿಹೋಗಿತ್ತು.

ಅಮಾವಾಸ್ಯೆ ಹತ್ತಿರ ಬಂದಾಗ ಅವನು ಆ ಕಚೇರಿಗೆ ಹೊರಟ. ಆ ಮನುಷ್ಯನಿಗೆ ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡ. ವರ್ಷಗಟ್ಟಲೆ ಮಸೆದಿಟ್ಟ ಮಾತು ಅದು. ಮೆಟ್ಟಿಲು ಹತ್ತುವಾಗ ಸೊಂಟಕ್ಕಿಂತ ಎದೆಯೇ ಹೆಚ್ಚು ಭಾರವಾಗಿತ್ತು.

ಒಳಗೆ ಅವನೇ ಕುಳಿತಿದ್ದ. ತಲೆ ಪೂರ್ತಿ ನರೆತಿತ್ತು, ಕನ್ನಡಕ ದಪ್ಪವಾಗಿತ್ತು. ಚಾಲಕ ಸೊಂಟ ಹಿಡಿದು ನಿಂತದ್ದನ್ನು ಕಂಡು ಕುರ್ಚಿ ಎಳೆದು ಕೊಟ್ಟ. ಗಾಡಿಯ ನಂಬರ್ ಕೇಳಿ ಬೀರುವಿನಲ್ಲಿ ಹುಡುಕಿದ. ಪತ್ರ ಅಲ್ಲೇ ಇತ್ತು. ಸಾಲ ತೀರಿದ ವಾರವೇ ಸಿದ್ಧವಾಗಿತ್ತಂತೆ. ನೀವು ಬರಲೇ ಇಲ್ಲ, ಇದರ ಅವಧಿ ಮುಗಿದುಹೋಗಿದೆ, ಹೊಸದು ಮಾಡಿಕೊಡುತ್ತೇನೆ ಎಂದ. ಚಹಾ ತರಿಸಿದ. ಚಹಾ ಮುಗಿಯುವಷ್ಟರಲ್ಲಿ ಹೊಸ ಪತ್ರಕ್ಕೆ ಮೊಹರು ಬಿದ್ದಿತ್ತು.

ಅಷ್ಟು ಹೊತ್ತೂ ಚಾಲಕ ಕಾಯುತ್ತಿದ್ದ. ಈಗ ಗುರುತು ಹಿಡಿಯುತ್ತಾನೆ, ಈಗ ತಲೆ ತಗ್ಗಿಸುತ್ತಾನೆ ಎಂದು ಕಾಯುತ್ತಿದ್ದ. ಆ ಮನುಷ್ಯನಿಗೆ ಇವನ ನೆನಪೇ ಇರಲಿಲ್ಲ. ಅವನು ಎಷ್ಟು ಜನರ ಕೀಲಿ ಕಿತ್ತುಕೊಂಡಿದ್ದನೋ ಏನೋ.

“ಇನ್ನೇನಾದ್ರೂ ಬಾಕಿ ಇದೆಯಾ?” ಎಂದು ಅವನು ಕೇಳಿದ.

ಚಾಲಕ ಅವನ ಮುಖ ನೋಡಿದ. ಜೋಡಿಸಿಟ್ಟ ಮಾತು ಬಾಯಿಗೆ ಬರಲಿಲ್ಲ. ಬಂದಿದ್ದರೂ ಅದನ್ನು ಕೇಳಿಸಿಕೊಳ್ಳಬೇಕಾದವನು ಆ ಕುರ್ಚಿಯಲ್ಲಿ ಇರಲಿಲ್ಲ. ಅವನಿಗೆ ದುಃಖವಾಯಿತು. ಇಷ್ಟು ವರ್ಷ ಕೆರೆ ಸುತ್ತಿದ್ದನ್ನು ನೆನೆದು ನಾಚಿಕೆಯೂ ಆಯಿತು.

“ಏನೂ ಇಲ್ಲ” ಎಂದು ಸಹಿ ಹಾಕಿ ಎದ್ದ.

ಮನೆಗೆ ನೇರ ಬೀದಿಯಲ್ಲೇ ಬಂದ. ಮನೆ ಅಷ್ಟು ಹತ್ತಿರವಿತ್ತು ಎಂಬುದು ಅವನಿಗೆ ಮರೆತೇಹೋಗಿತ್ತು. ಅಮಾವಾಸ್ಯೆಗೆ ಮೊದಲೇ ಆರ್‌ಸಿಯಿಂದ ಹೆಸರು ಹೋಯಿತು, ಮನೆಯ ಮುಂದಿನಿಂದ ಗಾಡಿಯೂ ಹೋಯಿತು. ಮೊಟ್ಟೆ ವ್ಯಾಪಾರಿ ಗಾಡಿ ತಿರುಗಿಸಿಕೊಂಡು ಹೋಗುವಾಗ ಹಿಂಬದಿಯ ಹಳದಿಯ ಕೆಳಗೆ ಹಳೆಯ ಅಕ್ಷರಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು. ಚಾಲಕ ಅದನ್ನು ನೋಡಲು ನಿಲ್ಲಲಿಲ್ಲ. ಅವನು ಗಿರಣಿಯ ಕಡೆ ಹೊರಟಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಮರುಳಯ್ಯನಿಗೆ ಕತೆ ಒಗ್ಗಲಿಲ್ಲ. ಏನೋ ಒಂದು ನ್ಯಾಯ ಉಳಿದೇಹೋಯಿತು ಎನಿಸಿತು. ಕೀಲಿ ಕಿತ್ತುಕೊಂಡವನು ತಪ್ಪಾಯಿತು ಎಂದು ಹೇಳಲೇ ಇಲ್ಲವೇ ಎಂದು ಕೇಳಿದ. ಗುರುಗಳು ಇಲ್ಲವೆಂದು ತಲೆಯಾಡಿಸಿದರು.

“ಹಾಗಿದ್ದ ಮೇಲೆ ಚಾಲಕನೇ ಯಾಕೆ ಹೋಗಬೇಕಿತ್ತು, ಗುರುಗಳೇ?”

ಗುರುಗಳು ಗೋಡೆ ಹಿಡಿದು ಮೆಲ್ಲನೆ ಎದ್ದರು. ಮರುಳಯ್ಯನ ಮುಂದೆ ಕೈ ಚಾಚಿದರು.

“ಉಗ್ರಾಣದ ಕೀಲಿ ಇಲ್ಲಿ ಕೊಡು, ಗುರುವಾರದ ಅಡುಗೆ ನಾನು ನೋಡಿಕೊಳ್ಳುತ್ತೇನೆ.”