ತಿಮಿಂಗಿಲ ಉಸಿರು ಬಚ್ಚಿಟ್ಟ ಜಾಗ

ಲೋಕ ಇನ್ನೂ ಹೊಸತು. ಕಡಲಿಗೆ ಉಪ್ಪು ಬೆರೆಸಿ ಮುಗಿದಿತ್ತಷ್ಟೇ. ಆಗ ತಿಮಿಂಗಿಲಕ್ಕೆ ಈಜು ಬರುತ್ತಿತ್ತು, ಮುಳುಗಲು ಮಾತ್ರ ಬರುತ್ತಿರಲಿಲ್ಲ. ನಗಬೇಡ ಮಗೂ, ಅಷ್ಟು ದೊಡ್ಡ ಮೈ ಇದ್ದೂ ಮೇಲೆಯೇ ತೇಲಿಕೊಂಡಿತ್ತು!

ಒಮ್ಮೆ ಮೇಲಿನ ನೀರು ಕಾದು, ಮೀನುಗಳೆಲ್ಲ ತಣ್ಣಗಿನ ಆಳಕ್ಕೆ ಇಳಿದುಬಿಟ್ಟವು. ತಾಯಿ ತಿಮಿಂಗಿಲಕ್ಕೆ ಆಹಾರವಿಲ್ಲ, ಆಹಾರವಿಲ್ಲದೆ ಹಾಲಿಲ್ಲ. ಮರಿ ಅತ್ತೂ ಅತ್ತೂ ಸೊರಗಿತು. ಹಾಲು ಸಿಗದಿದ್ದರೆ ಅದು ಉಳಿಯುವಂತಿರಲಿಲ್ಲ.

ತಾಯಿ ಎದೆ ಬಿರಿಯುವಷ್ಟು ಗಾಳಿ ತುಂಬಿಕೊಂಡು ಮುಳುಗಿದಳು. ಬುಳಕ್ಕನೆ ಮೇಲೆ ಬಂದಳು! ಇನ್ನೂ ಹೆಚ್ಚು ತುಂಬಿಕೊಂಡಳು. ಇನ್ನೂ ಬೇಗ ಮೇಲೆ ಬಂದಳು!

ಹೊಳೆ ಕಡಲು ಸೇರುವಲ್ಲಿ ಅಕ್ಕಣಿ ಅಜ್ಜಿ ಕೊಡ ತೊಳೆಯುತ್ತಿದ್ದಳು. "ಎಂತ ಮಾರಾಯ್ತಿ, ಹೊಟ್ಟೆ ತುಂಬ ಗಾಳಿ ಇಟ್ಕಂಡ್ರೆ ಮುಳುಗುದ್ ಹ್ಯಾಂಗೆ? ಇಲ್ಲ್ ಕಾಣ್!" ಎಂದಳು.

ಖಾಲಿ ಕೊಡವನ್ನು ನೀರಿನ ಮೇಲಿಟ್ಟಳು, ತೇಲಿತು. ಓರೆ ಮಾಡಿದಳು. ಗುಳುಗುಳು ಎಂದು ಗಾಳಿ ಬಿಟ್ಟು ಕೊಡ ಮುಳುಗಿತು.

"ಗಾಳಿ ಬಿಟ್ಟರೆ ಉಸಿರುಕಟ್ಟಿ ಸಾಯುತ್ತೇನಲ್ಲ ಅಜ್ಜಿ?"

"ಮಳೆಗಾಲದ ಒಣಮೀನು ನಾವ್ ಕೈಯಲ್ ಹಿಡ್ಕಂಡೇ ಕೂಕಂಬುದಾ? ಮನೆ ಮೂಲೆಮೂಲೆಯಲ್ ತೆಗ್ದಿಡುದಲ್ದಾ? ನೀನೂ ಹಾಂಗೇ ಮಾಡ್. ಮರಿನ ನಾನ್ ಕಾಣ್ಕಂತೆ."

ತಾಯಿ ನೀರ ಮೇಲೆ ಮಲಗಿ ಮತ್ತೆ ಮತ್ತೆ ಉಸಿರೆಳೆದಳು. "ನನಗೆ ಕೊಡು" ಎಂದಿತು ರಕ್ತ. "ನನಗೂ ಕೊಡು, ಜೋಪಾನವಾಗಿಡುತ್ತೇನೆ" ಎಂದಿತು ಮಾಂಸ. ಉಸಿರು ಹೊತ್ತೂ ಹೊತ್ತೂ ಮಾಂಸ ಕಡುಗೆಂಪಾಯಿತು. "ನಾನು ಮೆಲ್ಲಗೆ ಬಡಿಯುತ್ತೇನೆ" ಎಂದಿತು ಹೃದಯ. "ನೀರು ಒತ್ತಿದರೆ ಮುರಿಯುವುದಿಲ್ಲ, ಮಡಚಿಕೊಳ್ಳುತ್ತೇವೆ" ಎಂದವು ಪಕ್ಕೆಲುಬುಗಳು.

ತಾಯಿ ಬುಸ್ಸೆಂದು ಗಾಳಿ ಬಿಟ್ಟು, ಬಾಲವೆತ್ತಿ ಇಳಿದಳು. ನೀಲಿ ಮುಗಿಯಿತು. ಬೆಳಕು ಮುಗಿಯಿತು. ಕಡಲು ಮುಗಿಯಲಿಲ್ಲ. ಹೃದಯ ಒಮ್ಮೆ ಬಡಿದು, ಎಷ್ಟೋ ಹೊತ್ತು ಸುಮ್ಮನಿದ್ದು, ಮತ್ತೆ ಬಡಿಯಿತು. ಕಗ್ಗತ್ತಲಲ್ಲಿ ಮಿಣಮಿಣ ಹೊಳೆಯುವ ಜೀವಗಳು ಸುತ್ತಲೂ ಸುಳಿದವು. ಅಬ್ಬಾ, ನನ್ನ ಹೊಟ್ಟೆಯ ಕೆಳಗೇ ಇಷ್ಟೆಲ್ಲ ಇತ್ತೇ ಎಂದು ಹಸಿವನ್ನೂ ಒಂದು ಗಳಿಗೆ ಮರೆತಳು. ಆಮೇಲೆ ಬಾಯಿ ತೆರೆದಳು.

ದಡದ ಬಳಿಯ ನೀರಲ್ಲಿ ಮರಿ ಅಳುವುದನ್ನೂ ನಿಲ್ಲಿಸಿತ್ತು. ಮೊಣಕಾಲುದ್ದ ನೀರಲ್ಲಿ ನಿಂತ ಅಜ್ಜಿ ಅದರ ಬೆನ್ನು ಸವರುತ್ತ ಕಡಲನ್ನೇ ನೋಡಿದಳು. ನಾನೇ ತಾಯಿಯನ್ನು ಸಾವಿಗೆ ಕಳಿಸಿದೆನೇ ಎಂದುಕೊಂಡಳು.

ಅಷ್ಟರಲ್ಲಿ ನೀರು ಸೀಳಿತು. ಬುಸ್ಸ್! ಉಸಿರಿನ ಕಾರಂಜಿ ಆಕಾಶಕ್ಕೆ ಚಿಮ್ಮಿತು. ಕೆಲವೇ ದಿನಗಳಲ್ಲಿ ಮರಿಗೆ ಹೊಟ್ಟೆ ತುಂಬ ಹಾಲು.

ಇಂದಿಗೂ ದೂರದ ಕಡಲಲ್ಲಿ ತಿಮಿಂಗಿಲ ಸುಮ್ಮನೆ ಮಲಗಿ ಕಾರಂಜಿ ಚಿಮ್ಮಿಸುವುದು ಕಂಡರೆ ಸೋಮಾರಿ ಎನ್ನಬೇಡ ಮಗೂ. ಅದು ಮೈಯ ಮೂಲೆಮೂಲೆಗೂ ಉಸಿರು ತೆಗೆದಿಡುತ್ತಿರುತ್ತದೆ, ಮೇಲೆ ಕಾಯುವ ಮರಿಗಾಗಿ ತಿರುಗಿ ಬರಬೇಕಲ್ಲ.